ಪೆನ್‌ಡ್ರೈವ್ ಕೊಳ್ಳುವ ಮುನ್ನ



ನಿಮ್ಮ ಮನೆ ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಇದೆ, ಕಾಲೇಜು ಮಂಡ್ಯದಲ್ಲಿ. ಮನೆಯಲ್ಲಿ ಸಿದ್ಧಪಡಿಸಿದ ಪ್ರಾಜೆಕ್ಟ್ ವರದಿಯನ್ನು ಅಲ್ಲಿಗೆ ಒಯ್ಯುವುದು ಹೇಗೆ? ಹಿಂದೆ ಫ್ಲಾಪಿ ಇತ್ತು. ಅದರಲ್ಲಿ ಹಿಡಿಸುತ್ತಿದ್ದುದು 1.44 ಮೆಗಾಬೈಟ್ ಮಾತ್ರ. ಇಂದಿನ 32 ಗಿಗಾಬೈಟ್ ಪೆನ್‌ಡ್ರೈವ್ ಅಂಥ ಸುಮಾರು 22 ಸಾವಿರ ಫ್ಲಾಪಿಗಳಿಗೆ ಸಮ. ವರದಿ, ಚಿತ್ರಗಳಿಗೆ ಇಷ್ಟು ಧಾರಾಳವಾಗಿ ಸಾಕು.

ಕೆಲವೇ ನೂರು ರೂಪಾಯಿಗೆ 2 ಟೆರಾಬೈಟ್ ಎಂದರೆ ಮರುಳಾಗಬೇಡಿ. ಅಂಥ ನಕಲಿ ಪೆನ್‌ಡ್ರೈವಿನ ಚಿಪ್ಪು ಕಂಪ್ಯೂಟರಿಗೆ ಸುಳ್ಳು ಅಳತೆ ಹೇಳುತ್ತದೆ. ನಿಜವಾದ ಜಾಗ ತುಂಬಿದ ಮೇಲೂ ಕಡತದ ಹೆಸರು ಕಾಣುತ್ತದೆ. ತೆರೆದರೆ ಬರಹವೇ ಇರುವುದಿಲ್ಲ. ಆದ್ದರಿಂದ ರಸೀತಿ ಪಡೆದು ಕೊಳ್ಳಿ. ಒಮ್ಮೆ ಪೂರ್ತಿ ತುಂಬಿಸಿ, ಕಡತಗಳನ್ನು ತೆರೆದು ನೋಡಿ.

ಒಳ್ಳೆಯ ಪೆನ್‌ಡ್ರೈವೂ ಬಸ್ಸಿನಲ್ಲಿ ಬಿದ್ದುಹೋಗಬಹುದು. ಇನ್ನೊಂದು ಪ್ರತಿ ಮನೆಯಲ್ಲಿರಲಿ.