ಗಾಜಿಗೆ ಆಸರೆಯಾಗುವ ಕಬ್ಬಿಣ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಹಾದ್ವಾರ, ರಂಗಮಂದಿರಗಳ ವಿಚಾರ ನನಗಿಂತ ಮುಂಚೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಊರಿಗೆ ಬಂದ ಕೂಡಲೇ ಕಾಲು ಪ್ರಯೋಗಾಲಯದ ಕಡೆಗೇ ಎಳೆಯಿತು. ಎಂಟು ಕಬ್ಬಿಣದ ಸ್ಟ್ಯಾಂಡುಗಳಿವೆ. ಕೆಲಸಕ್ಕೆ ಬರುವ ಕ್ಲ್ಯಾಂಪು ಮೂರೇ. ಉಳಿದವುಗಳ ತಿರುಪು ತುಕ್ಕು ಹಿಡಿದು ಕೂತಿದೆ. ಗಾಜಿನ ಸಾಮಾನೇನೋ ಬೀರುವಿನಲ್ಲಿ ಬೇಕಾದಷ್ಟಿದೆ, ಹೊರಗೆ ತೆಗೆದರೆ ನಿಲ್ಲಿಸುವುದು ಯಾವುದಕ್ಕೆ?

ಆಮ್ಲಜನಕ ತಯಾರಿಸುವ ಪ್ರಯೋಗ ನೆನಪಿಸಿಕೊಳ್ಳಿ. ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದ ಪ್ರನಾಳವನ್ನು ಕ್ಲ್ಯಾಂಪು ಬಾಯಿಯ ಹತ್ತಿರ ಹಿಡಿದಿರಬೇಕು, ಬಾಯಿ ತುಸು ಕೆಳಗೆ ಬಾಗಿರಬೇಕು. ಇಲ್ಲದಿದ್ದರೆ ಬಾಯಿಯ ಬಳಿ ತಣಿದ ನೀರಹನಿ ಕಾದ ತಳಕ್ಕೆ ಹರಿದು ಗಾಜು ಸೀಳುತ್ತದೆ. ಅನಿಲ ತುಂಬುವ ತನಕ ಆ ಓರೆಯನ್ನು ಅಲುಗದೆ ಹಿಡಿಯಲು ಯಾವ ಮಗುವಿನ ಕೈಗೆ ಸಾಧ್ಯ? ಇಕ್ಕಳದಲ್ಲಿ ಹಿಡಿದ ಹುಡುಗಿ ತನ್ನ ಕೈಯನ್ನೇ ನೋಡುತ್ತಿರುತ್ತಾಳೆ, ಗುಳ್ಳೆಯನ್ನಲ್ಲ. ಸ್ಟ್ಯಾಂಡು ಹಿಡಿದುಕೊಂಡರೆ ಅವಳೇ ಕೆಂಡವಿರುವ ಊದುಬತ್ತಿಯನ್ನು ಜಾಡಿಗೆ ಇಳಿಸಿ, ಅದು ಭಗ್ಗನೆ ಹತ್ತುವುದನ್ನು ನೋಡಬಹುದು.

ತಿರುಪು ಬಿಗಿಯುವುದಕ್ಕೂ ಒಂದು ಹದವಿದೆ. ಗಾಜು ಜಾರಬಾರದು; ಆದರೆ ಬೆರಳಿನಿಂದ ತಿರುಗಿಸಿದರೆ ಮೆಲ್ಲಗೆ ತಿರುಗಬೇಕು. ಎತ್ತಿನ ಮೂಗುದಾರ ಹಿಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕ್ಲ್ಯಾಂಪಿನ ಬಾಯಿಗೆ ಕಾರ್ಕು ಇಲ್ಲವೇ ರಬ್ಬರು ಇರಬೇಕು, ಕಬ್ಬಿಣ ನೇರವಾಗಿ ಗಾಜಿಗೆ ತಾಗಕೂಡದು. ಭಾರ ಪೀಠದ ಮೇಲೆಯೇ ಬರಬೇಕು, ಆಚೆ ಚಾಚಿದರೆ ಇಡೀ ಸ್ಟ್ಯಾಂಡೇ ಮಗುಚುತ್ತದೆ. ಪಿಯುಸಿಗೆ ಬರುತ್ತಿದ್ದ ಹಳ್ಳಿಯ ಮಕ್ಕಳು ಸಮೀಕರಣ ತಪ್ಪಿಲ್ಲದೆ ಬರೆಯುತ್ತಿದ್ದರು. ಬ್ಯೂರೆಟ್ಟು ನಿಲ್ಲಿಸಿ ಎಂದರೆ ಮಾತ್ರ ಹಿಂದಿನ ಸಾಲಿಗೆ ಸರಿಯುತ್ತಿದ್ದರು. ಪಟ್ಟಣದ ಮಕ್ಕಳಿಗಿಂತ ಬುದ್ಧಿ ಕಡಿಮೆಯೆಂದಲ್ಲ, ಆ ತಿರುಪನ್ನು ಅವರು ಮುಟ್ಟಿಯೇ ಇರಲಿಲ್ಲ. ಎಷ್ಟೋ ಮಂದಿ ಆ ಅಂಜಿಕೆಯಲ್ಲೇ ವಿಜ್ಞಾನ ಬಿಟ್ಟರು. ನನಗೆ ಇಂದಿಗೂ ಸಂಕಟವಾಗುವುದು ಅದಕ್ಕೇ.

ಇದಕ್ಕೆ ದೊಡ್ಡ ಹಣವೇನೂ ಬೇಡ. ಪೀಠ, ಸರಳುಗಳನ್ನು ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಕ್ಲ್ಯಾಂಪು, ಮತ್ತೆ ಅದನ್ನು ಸರಳಿಗೆ ಕೂಡಿಸುವ ಬಾಸ್‌ಹೆಡ್, ಇವೆರಡನ್ನು ಕೊಂಡರೆ ಸಾಕು. ಹಳೆಯವಕ್ಕೆ ಸೀಮೆಎಣ್ಣೆ ಹಾಕಿ ನೆನೆಸಿಟ್ಟಿದ್ದೇನೆ, ಎರಡು ಆಗಲೇ ಸಡಿಲವಾಗಿವೆ. ನಾಲ್ಕು ಮಕ್ಕಳಿಗೆ ಒಂದರಂತೆ ಹೊಸದಾಗಿ ಇಪ್ಪತ್ತು ಬೇಕು. ಹತ್ತು ನನ್ನದು. ಮಹಾದ್ವಾರದ ಚಂದಾ ಪಟ್ಟಿಯ ಪಕ್ಕದಲ್ಲೇ ಇನ್ನೊಂದು ಪಟ್ಟಿ ಇಟ್ಟಿದ್ದೇನೆ. ಊಟಕ್ಕೆ ಏಳುವ ಮುಂಚೆ ದಯಮಾಡಿ ಅದನ್ನೂ ನೋಡಿ.