ಫೋನು ಕೊಳ್ಳುವ ಮುಂಚೆ ರಾಗಿಯಲ್ಲಿ ಲೆಕ್ಕ ಹಾಕಿ
(ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಸದಾ ಬೆಲೆ, ಸಾಲ, ಬಡ್ಡಿ ಎನ್ನುವವನು ಇವತ್ತು ಮೊಬೈಲ್ ಫೋನಿನ ಮಾತು ಎತ್ತಿದ್ದಾನಲ್ಲ ಅಂತ ನಿಮಗೆ ಅನ್ನಿಸಬಹುದು. ಆದರೆ ಫೋನು ಈಗ ಬೆಲೆಯ ವಿಷಯವೂ ಹೌದು, ಸಾಲದ ವಿಷಯವೂ ಹೌದು. ನಮ್ಮಲ್ಲಿ ಎಷ್ಟೋ ಜನ ಬೆಳೆದದ್ದನ್ನೆಲ್ಲ ಮಂಡಿಗೆ ಸುರಿದು ಕೈಮುಗಿದು ಬರುವುದನ್ನು ಬಿಟ್ಟು, ಒಂದಿಷ್ಟನ್ನಾದರೂ ತಾವೇ ಮಾರತೊಡಗಿದ್ದಾರೆ. ಆಲೆಮನೆ ಬೆಲ್ಲ, ಗಾಣದ ಎಣ್ಣೆ, ತೆಂಗಿನ ಸಸಿ, ತುಪ್ಪ, ರಾಗಿ ಹಿಟ್ಟು. ಈ ಸಣ್ಣ ವ್ಯಾಪಾರಕ್ಕೆ ಫೋನು ಬೇಕೇ ಬೇಕು. ಪ್ರಶ್ನೆ ಇಷ್ಟೇ: ಯಾವ ಫೋನು, ಎಷ್ಟರದು, ನಮ್ಮ ದುಡ್ಡಿನಲ್ಲೋ ಸಾಲದ ದುಡ್ಡಿನಲ್ಲೋ?

ನಾವು ಸಂತೆಯಲ್ಲಿ ಎತ್ತು ಕೊಳ್ಳುವಾಗ ಏನು ಮಾಡ್ತೀವಿ? ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನಡೆಸಿ ನೋಡ್ತೀವಿ. ಕೊಂಬಿಗೆ ಬಳಿದ ಬಣ್ಣ ನೋಡಿ ಯಾರೂ ಎತ್ತು ಹಿಡಿಯೋದಿಲ್ಲ. ಫೋನಿನ ಅಂಗಡಿಗೆ ಹೋದಾಗ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತದೆ?

ಮೊದಲು ಮನೆಯಲ್ಲೇ ಕೂತು ಒಂದು ಚೀಟಿಯಲ್ಲಿ ಬರೆಯಿರಿ, ಫೋನಿನಿಂದ ಆಗಬೇಕಾದ ಕೆಲಸ ಏನೇನು ಅಂತ. ಗಿರಾಕಿಯ ಕರೆ ತೆಗೆದುಕೊಳ್ಳಬೇಕು. ಸರಕಿನ ಫೋಟೋ ಕಳಿಸಬೇಕು. ದುಡ್ಡು ಖಾತೆಗೆ ಬಂತೇ ಎಂದು ನೋಡಬೇಕು. ಮಾರುಕಟ್ಟೆ ಧಾರಣೆ ತಿಳಿಯಬೇಕು. ಯಾರಿಂದ ಎಷ್ಟು ಬಾಕಿ ಎಂದು ಬರೆದಿಡಬೇಕು. ಇದಕ್ಕೆ ವಾಟ್ಸಾಪ್ ಬಿಸಿನೆಸ್, ಒಂದು ಯುಪಿಐ ಆ್ಯಪ್ ಸಾಕು. ಎರಡಕ್ಕೂ ಕಾಸು ಕೊಡಬೇಕಿಲ್ಲ. ಈ ಕೆಲಸಗಳಲ್ಲಿ ಯಾವುದೂ ಅರವತ್ತು ಸಾವಿರದ ಫೋನನ್ನು ಕೇಳುವುದಿಲ್ಲ.

ಇನ್ನು ನೋಡಬೇಕಾದ್ದು. ಒಂದು, ಸಿಗ್ನಲ್. ಅಂಗಡಿಯಲ್ಲಿ ಐದು ಗೆರೆ ತೋರಿಸಿದರೆ ಪ್ರಯೋಜನವಿಲ್ಲ, ನಿಮ್ಮ ತೋಟದಲ್ಲಿ, ಕಣದಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎಂದು ಅಕ್ಕಪಕ್ಕದವರ ಫೋನಿನಲ್ಲಿ ಮೊದಲೇ ನೋಡಿಕೊಳ್ಳಿ. ಎರಡು ಸಿಮ್ ಹಾಕುವಂಥದ್ದಿರಲಿ. ಎರಡು, ಬ್ಯಾಟರಿ. ನಮ್ಮ ಕರೆಂಟಿನ ಯೋಗ್ಯತೆ ನಮಗೆ ಗೊತ್ತಲ್ಲ. 5,000 ಎಂಎಎಚ್‌ಗಿಂತ ಕಡಿಮೆಯದು ಬೇಡ. ಮೂರು, ಪರದೆ. ಅಂಗಡಿಯ ದೀಪದ ಕೆಳಗೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಬಾಗಿಲಾಚೆ ಬಿಸಿಲಿಗೆ ತಂದು ಅಕ್ಷರ ಓದಿ ನೋಡಿ. ನಾಲ್ಕು, ಜಾಗ. 128 ಜಿಬಿ ಸಂಗ್ರಹ, 6 ಜಿಬಿ ರ್‍ಯಾಮ್ ಇದ್ದರೆ ಈ ಕೆಲಸಗಳಿಗೆ ಧಾರಾಳ. ಐದು, ಕನ್ನಡ. ಕನ್ನಡದಲ್ಲಿ ಬರೆಯಲು, ಬಾಯಲ್ಲಿ ಹೇಳಿದರೆ ಬರೆದುಕೊಳ್ಳಲು ಬರುತ್ತದೆಯೇ ಎಂದು ಅಲ್ಲೇ ಮಾಡಿ ನೋಡಿ. ಆರು, ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಎಂದು ಕೇಳಿ. ನಿಮ್ಮ ಬ್ಯಾಂಕಿನ ಬಾಗಿಲು ಈ ಫೋನಿನಲ್ಲಿದೆ. ಅದರ ಅಗುಳಿ ಹಳತಾಗಬಾರದು. ಏಳು, ರಿಪೇರಿ ಅಂಗಡಿ ತಾಲ್ಲೂಕಿನಲ್ಲಿದೆಯೋ ಬೆಂಗಳೂರಿನಲ್ಲಿದೆಯೋ?

ಹಳೆಯ ಫೋನು ಕೊಳ್ಳುವುದು ತಪ್ಪಲ್ಲ, ಬಿಲ್ಲು ಇರಬೇಕು ಅಷ್ಟೆ. *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಅದು ಕದ್ದ ಮಾಲೋ ಅಲ್ಲವೋ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿಯಲ್ಲಿ ನೋಡಬಹುದು.

ಈಗ ಬೆಲೆಗೆ ಬರೋಣ. ನಾನು ಯಾವುದನ್ನೂ ರೂಪಾಯಿಯಲ್ಲಿ ಎಣಿಸುವುದಿಲ್ಲ, ರಾಗಿಯಲ್ಲಿ ಎಣಿಸುತ್ತೇನೆ. 2025-26ರ ಮುಂಗಾರಿಗೆ ಘೋಷಿಸಿದ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಹನ್ನೆರಡು ಸಾವಿರದ ಫೋನೆಂದರೆ ಸುಮಾರು ಎರಡೂವರೆ ಕ್ವಿಂಟಾಲ್ ರಾಗಿ. ಅರವತ್ತು ಸಾವಿರದ್ದಾದರೆ ಹನ್ನೆರಡು ಕ್ವಿಂಟಾಲಿಗೂ ಮೇಲೆ. ಅದೂ ಬೆಂಬಲ ಬೆಲೆ ಕೈಗೆ ಸಿಕ್ಕರೆ! ಮೇಲಾಗಿ 2020ರ ಏಪ್ರಿಲ್‌ನಿಂದ ಫೋನಿನ ಮೇಲೆ ಶೇಕಡಾ 18 ಜಿಎಸ್‌ಟಿ. ನೋಂದಾಯಿತ ವ್ಯಾಪಾರಿಗೆ ಅದನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಲು ದಾರಿ ಉಂಟು, ರಾಗಿ ಮಾರುವ ನಮಗೆ ಇಲ್ಲ. ಕೊಳ್ಳುವಾಗಲೂ ಅವರು ಹೇಳಿದ ಬೆಲೆ, ಮಾರುವಾಗಲೂ ಅವರು ಹೇಳಿದ ಬೆಲೆ!

"ದುಡ್ಡು ಯಾಕೆ ಯಜಮಾನ್ರೇ, ಶೂನ್ಯ ಬಡ್ಡಿಯ ಕಂತು ಇದೆ" ಎಂದು ಅಂಗಡಿಯವನು ಹೇಳುತ್ತಾನೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಬಡ್ಡಿ ಪ್ರೊಸೆಸಿಂಗ್ ಫೀಸಿನಲ್ಲಿ ಅಡಗಿರುತ್ತದೆ, ಇಲ್ಲವೇ ನಗದಿಗೆ ಕೊಡುವ ರಿಯಾಯಿತಿ ತಪ್ಪಿಸುವುದರಲ್ಲಿ ಅಡಗಿರುತ್ತದೆ. "ರೊಕ್ಕ ಕೊಟ್ಟರೆ ಎಷ್ಟು, ಕಂತಾದರೆ ಒಟ್ಟು ಎಷ್ಟು?" ಎಂದು ಎರಡನ್ನೂ ಬರೆಸಿಕೊಳ್ಳಿ. ಕಳ್ಳ ಬಡ್ಡಿ ಹೊರಗೆ ಬರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನಮಗೆ ದುಡ್ಡು ಬರುವುದು ಸುಗ್ಗಿಗೆ. ಕಂತು ಬರುವುದು ತಿಂಗಳು ತಿಂಗಳು. ಎರಡು ಕಂತು ತಪ್ಪಿದರೆ ಆ ವಿಷಯ ಸಿಬಿಲ್‌ಗೆ ಹೋಗಿ ಕೂರುತ್ತದೆ. ಮುಂದೆ ಬೆಳೆ ಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಪಹಣಿ ಹಿಡಿದು ಹೋದಾಗ ಬ್ಯಾಂಕಿನವರು ಮೊದಲು ನೋಡುವುದು ಅದನ್ನೇ. ಸಾವಿರ ರೂಪಾಯಿಯ ಫೋನಿನ ಕಂತು ಐದು ಎಕರೆ ಹೊಲದ ಸಾಲಕ್ಕೆ ಅಡ್ಡ ಬರುತ್ತದೆ. ಆದ್ದರಿಂದ ಕಂತಿನಲ್ಲಿ ಫೋನು ಬೇಡವೇ ಬೇಡ. ದುಡ್ಡು ಕೂಡಿಲ್ಲವೇ? ಸುಗ್ಗಿಯವರೆಗೆ ಕಾಯಿರಿ. ಅಲ್ಲಿಯವರೆಗೆ ಹಳೆಯ ಗುಂಡಿ ಫೋನಿನಲ್ಲೂ ದುಡ್ಡು ಕಳಿಸುವ ಯುಪಿಐ 123ಪೇ ವ್ಯವಸ್ಥೆ 2022ರಿಂದ ಇದೆ.

ಫೋನು ಬಂದ ಮೇಲೆ ಸಾಲವೂ ಅದರೊಳಗಿನಿಂದಲೇ ಕೈಚಾಚುತ್ತದೆ. "ಐದು ನಿಮಿಷದಲ್ಲಿ ಸಾಲ" ಎನ್ನುವ ಆ್ಯಪ್‌ಗಳನ್ನು ಮುಟ್ಟಬೇಡಿ. ಸಾಲದ ಆ್ಯಪ್ ನಮ್ಮ ಫೋನಿನ ಹೆಸರು ಪಟ್ಟಿ, ಫೋಟೋ ತೆಗೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು. ಕಳ್ಳ ಆ್ಯಪ್‌ಗಳಿಗೆ ಯಾವ ನಿಯಮ? ಬೀಗರಿಗೆಲ್ಲ ಫೋನು ಮಾಡಿ ಮಾನ ಕಳೆಯುತ್ತಾರೆ.

ಮನೆಮಂದಿಗೆಲ್ಲ ಒಂದು ಮಾತು ಹೇಳಿಕೊಡಿ: ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆಂದರೆ ನಿಮ್ಮ ದುಡ್ಡು ಹೋಗುತ್ತಿದೆ ಎಂದೇ ಅರ್ಥ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಗಿರಾಕಿಗಳ ಹೆಸರು, ನಂಬರು, ಬಾಕಿ ಒಂದು ನೋಟ್‌ಬುಕ್ಕಿನಲ್ಲೂ ಇರಲಿ. ಫೋನು ಬಾವಿಗೆ ಬಿದ್ದರೂ ವ್ಯಾಪಾರ ಬೀಳಬಾರದು.

ಕೊನೆಯದಾಗಿ, ಫೋನು ಕೊಂಡ ದಿನವೇ ಆ ನೋಟ್‌ಬುಕ್ಕಿನಲ್ಲಿ ಅದರ ಬೆಲೆ ಬರೆಯಿರಿ. ಅದರ ಕೆಳಗೆ, ಫೋನಿನ ಮೂಲಕ ಮಾರಿದ ಮಾಲಿಗೆ ಮಂಡಿಗಿಂತ ಎಷ್ಟು ಹೆಚ್ಚು ಸಿಕ್ಕಿತು ಎಂದು ಪ್ರತಿ ಸಲ ಬರೆಯಿರಿ. ಅದರಲ್ಲಿ ಕರೆನ್ಸಿ, ಸಾಗಣೆ ಖರ್ಚು ಕಳೆಯಿರಿ. ಒಂದು ವರ್ಷದಲ್ಲಿ ಫೋನು ತನ್ನ ಬೆಲೆ ತಾನು ದುಡಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ದುಡಿದಿದ್ದರೆ ಸಂತೋಷ. ಇಲ್ಲದಿದ್ದರೆ ಹೊಸ ಮಾಡೆಲ್ ಬಂತು ಎಂದು ಮಗ ಹೇಳಿದಾಗ ಈ ಪುಟ ತೆಗೆದು ಅವನ ಮುಂದಿಡಿ.