ಬೆಲೆಯೂ ಮೌಲ್ಯವೂ
(ಶಾಲೆಯ ವಾರ್ಷಿಕ ಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ವಿಜಯದಶಮಿಯ ಸಂಜೆ ಕೊಲ್ಹಾಪುರದ ದಸರಾ ಚೌಕಕ್ಕೆ ಛತ್ರಪತಿ ಮನೆತನದ ಮೇಬ್ಯಾಕ್ ಮೋಟಾರು ಬರುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಅದನ್ನು ನಿರ್ಮಿಸಿದ ಜರ್ಮನಿಯ ಸಂಸ್ಥೆಯು ಮೊದಲು ಝೆಪೆಲಿನ್ ವಾಯುನೌಕೆಗಳಿಗೆ ಎಂಜಿನುಗಳನ್ನು ಮಾಡುತ್ತಿತ್ತು. ಮೊದಲನೆಯ ಮಹಾಯುದ್ಧದ ತರುವಾಯ ಆ ಕಾರ್ಯಕ್ಕೆ ತಡೆಯುಂಟಾಗಲು, 1921ರಲ್ಲಿ ತನ್ನ ಮೊದಲ ಮೋಟಾರನ್ನು ಜನರ ಮುಂದಿಟ್ಟಿತು. ಎರಡನೆಯ ಮಹಾಯುದ್ಧದವರೆಗೆ ಅದು ನಿರ್ಮಿಸಿದ ಮೋಟಾರುಗಳು 2,000ಕ್ಕಿಂತಲೂ ಕಡಿಮೆ. ಆದುದರಿಂದಲೇ ಅವು ಅಪೂರ್ವ.

ಇದಕ್ಕಿಂತಲೂ ಅಪೂರ್ವವಾದ ಮೋಟಾರೊಂದು 2022ರ ಮೇ 5ರಂದು ಸ್ಟುಟ್‌ಗಾರ್ಟ್ ನಗರದಲ್ಲಿ ಹರಾಜಾಯಿತು. ಉಲೆನ್‌ಹೌಟ್ ಎಂಬ ಎಂಜಿನಿಯರರ ಹೆಸರಿನಿಂದ ಪ್ರಸಿದ್ಧವಾದ ಆ ಮರ್ಸಿಡಿಸ್ ಮೋಟಾರುಗಳು 1955ರಲ್ಲಿ ನಿರ್ಮಾಣಗೊಂಡವು; ಇದ್ದುವು ಎರಡೇ. ಎಂಟು ಸಿಲಿಂಡರುಗಳ ಎಂಜಿನು. ವೇಗ ತಾಸಿಗೆ ಸುಮಾರು 290 ಕಿಲೋಮೀಟರು. ಆದರೆ ಅದೇ ವರ್ಷದ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಇದೇ ಕುಲದ ಮೋಟಾರೊಂದು ಅಪಘಾತಕ್ಕೀಡಾಗಿ, ಅದರ ಭಾಗಗಳು ಪ್ರೇಕ್ಷಕರ ಮೇಲೆರಗಲು, 80ಕ್ಕೂ ಹೆಚ್ಚು ಜನರು ಮೃತರಾದರು. ಆ ವರ್ಷದ ಕೊನೆಗೆ ಸಂಸ್ಥೆಯು ಪಂದ್ಯಗಳಿಂದ ಹಿಂದೆ ಸರಿಯಿತು. ಉಲೆನ್‌ಹೌಟರ ಮೋಟಾರುಗಳು ಒಂದು ಪಂದ್ಯದಲ್ಲಿಯೂ ಓಡಲಿಲ್ಲ.

ಹರಾಜಿನಲ್ಲಿ ಬಂದ ಬೆಲೆ 13.5 ಕೋಟಿ ಯೂರೋ. ಅಂದಿನ ನಮ್ಮ ಲೆಕ್ಕದಲ್ಲಿ ಸುಮಾರು 1,100 ಕೋಟಿ ರೂಪಾಯಿ. ಅದುವರೆಗೆ ಯಾವ ಮೋಟಾರಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಆ ಹಣವು ಎಲ್ಲಿಗೆ ಹೋಯಿತೆಂದು ಬಲ್ಲಿರಾ? ಪರಿಸರ ವಿಜ್ಞಾನವನ್ನು ಅಭ್ಯಸಿಸುವ ತರುಣರ ವಿದ್ಯಾರ್ಥಿವೇತನದ ನಿಧಿಗೆ! ಅಷ್ಟು ಬೆಲೆಬಾಳುವ ಮೋಟಾರನ್ನು ಮಾರಿದವರಿಗೂ, ಅದಕ್ಕಿಂತ ಮೌಲ್ಯವುಳ್ಳುದು ವಿದ್ಯೆಯೆಂದು ತೋರಿತು.

ಈ ಮಾತು ನಮ್ಮ ಸೀಮೆಗೆ ಹೊಸದಲ್ಲ. ರಾಜರ್ಷಿ ಶಾಹೂ ಮಹಾರಾಜರು 1917ರಲ್ಲಿಯೇ ಕೊಲ್ಹಾಪುರ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು. ಮಕ್ಕಳನ್ನು ಶಾಲೆಗೆ ಕಳುಹಿಸದ ಪಾಲಕರಿಗೆ ದಂಡವನ್ನೂ ವಿಧಿಸಿದರು.

ಇಂದು ಶಿರೋಲಿ, ಗೋಕುಲ ಶಿರಗಾಂವದ ಫೌಂಡ್ರಿಗಳಲ್ಲಿ ಮೋಟಾರುಗಳ ಬಿಡಿಭಾಗಗಳು ಎರಕಗೊಳ್ಳುತ್ತವೆ. ಕಬ್ಬಿಣವನ್ನು ಕರಗಿಸಲು ತೋಳ್ಬಲ ಬೇಕು. ಆದರೆ ನಕಾಶೆಯನ್ನೋದಲು, ಅಳತೆಯನ್ನು ಕೂದಲೆಳೆಯಷ್ಟೂ ತಪ್ಪದೆ ಕಾಯಲು ಗಣಿತ ಬೇಕು. ಮೊದಲನೆಯದನ್ನು ಮಾತ್ರ ಬಲ್ಲವನು ಕೂಲಿಯಾಗಿಯೇ ಉಳಿದಾನು. ಎರಡನ್ನೂ ಬಲ್ಲವನು ಯಂತ್ರವನ್ನೇ ರಚಿಸಿಯಾನು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಇಚಲಕರಂಜಿಯ ಮಗ್ಗಗಳಲ್ಲಿ ವಾರದ ಪಗಾರ ಕೈಗೆ ಬರುವುದೆಂದು, ಗಡಹಿಂಗ್ಲಜದ ಹೊಲದಲ್ಲಿ ಕೈಯಾಳು ಬೇಕೆಂದು, ಓದುವ ಮಗುವನ್ನು ನಡುವೆ ಬಿಡಿಸಬೇಡಿರಿ. ಮನೆಯ ಅಡಚಣೆಯನ್ನು ನಾವು ಅರಿಯೆವೆಂದಲ್ಲ. ಬಿಡಿಸುವ ಮುನ್ನ ಒಮ್ಮೆ ಶಾಲೆಗೆ ಬನ್ನಿರಿ. ಕೂಡಿ ದಾರಿ ಹುಡುಕೋಣ.

ವಿದ್ಯಾರ್ಥಿಗಳೇ, ಅಂದದ ಮೋಟಾರನ್ನು ಕಂಡರೆ ಮನದಣಿಯೆ ನೋಡಿರಿ, ತಪ್ಪೇನಿಲ್ಲ. ಆದರೆ ಅದರ ಬೆಲೆಯೆಷ್ಟೆಂದು ಕೇಳುವ ಮೊದಲು, ಅದು ಓಡುವುದು ಹೇಗೆಂದು ಕೇಳಿರಿ.